ಎಡಗಡೆ ಮುಂದಿನ ಚಕ್ರದ ಸಮಾಚಾರ

ಮನೆ ಹಿಂದಿನ ಶೆಡ್ಡಿನಿಂದ,
ಭಾನುವಾರ, ಮೇ ೧೯

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಿಪಿ ಮಾತು ಕೇಳುತ್ತಿದೆಯಾ, ಇಲ್ಲಾ ಅದೂ ನಿನ್ನ ಹಾಗೇನಾ? ಬಲಗೈ ಬೆರಳು ಈಗ ಎಷ್ಟು ಮಡಚುತ್ತದೆ ಅಂತ ಕೇಳೋಣವೆಂದು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಮಗಳು ಎತ್ತಿ, "ದೊಡ್ಡಪ್ಪಾ, ಅಪ್ಪ ಮಲಗಿದಾರೆ" ಅನ್ನುತ್ತಾಳೆ. ಹಿಂದೆ ನೀನು ಕೆಮ್ಮುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ನಿದ್ದೆಯಲ್ಲಿ ಯಾರಪ್ಪಾ ಅಷ್ಟು ಸಿಟ್ಟಿನಿಂದ ಕೆಮ್ಮುತ್ತಾರೆ? ಅದಕ್ಕೇ ಈ ಕಾಗದ. ಕಾಗದಕ್ಕೆ ಕಟ್ ಮಾಡುವ ಗುಂಡಿ ಇಲ್ಲ ನೋಡು. ಲಕ್ವ ಹೊಡೆದ ಮೇಲೆ ಗ್ಯಾರೇಜಿಗೆ ಶಟರ್ ಎಳೆದೆ, ಸರಿ, ಬಾಯಿಗೂ ಯಾಕೆ ಎಳೆದೆ? ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ "ಈ ಕೈ ಗುಜರಿಗೆ ಹೋಯ್ತಮ್ಮ, ಇದನ್ನ ತಿಕ್ಕಿ ಏನ್ ಪ್ರಯೋಜನ" ಅಂದೆಯಂತೆ. ಒಂದು ಪಾರ್ಟು ಕೆಟ್ಟಿತು ಅಂತ ಗಾಡಿಯನ್ನೇ ಗುಜರಿಗೆ ಹಾಕು ಅಂತ ನೀನು ಯಾವ ಗಿರಾಕಿಗೂ ಹೇಳಿದ್ದು ನಾನು ಕಾಣೆ. ಇರಲಿ, ಭಾಷಣ ಮಾಡುವುದಿಲ್ಲ. ಸಮಾಚಾರ ಬೇರೆ ಇದೆ. ನಮ್ಮ ಹಳೇ ಕಾರಿನ ಎಡಗಡೆ ಚಕ್ರ ತಿರುಗಿಸುವ ಆಕ್ಸಲ್ ಬಿಚ್ಚಿದೆ. ಯಾರು? ನಾನು! ನಗು ಬಂದರೆ ನಕ್ಕುಬಿಡು, ನಿನ್ನ ಮಗಳಿಗೆ ನಾನು ಹೇಳುವುದಿಲ್ಲ.

ಒಂದು ತಿಂಗಳಿಂದ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಟಕ್ ಟಕ್ ಟಕ್. ನಿನ್ನತ್ತಿಗೆ ಕೇಳಿದಳು, "ರೀ, ಇದು ಕಾರಿನ ಸದ್ದೋ ನಿಮ್ಮ ಮಂಡಿ ಸದ್ದೋ?" ಎರಡೂ ಕೀಲೇ ಕಣೇ, ನಂದು ಮೆಟ್ಟಿಲಿನಲ್ಲಿ ಮಾತಾಡುತ್ತೆ, ಅದರದ್ದು ತಿರುವಿನಲ್ಲಿ ಅಂದೆ. ಬಗ್ಗಿ ನೋಡಿದರೆ ಚಕ್ರದ ಒಳಮೈಯೆಲ್ಲ ಗ್ರೀಸು. ಆಕ್ಸಲ್ ತುದಿಯ ಕೀಲಿಗೆ, ಆ ಸಿವಿ ಜಾಯಿಂಟಿಗೆ, ಹಾಕಿರುತ್ತಾರಲ್ಲ ರಬ್ಬರ್ ಬೂಟು, ಅದು ಸುತ್ತಲೂ ಬಾಯಿ ಬಿಟ್ಟಿತ್ತು. ಬೂಟು ಹರಿದಿದೆ ಅಂದರೆ ಇವಳು, "ಅದಕ್ಕೆ ಗ್ಯಾರೇಜಿಗೆ ಯಾಕೆ, ಚಪ್ಪಲಿ ಹೊಲಿಯೋರ ಹತ್ರ ಹೋಗಿ" ಅಂದಳು. ನನ್ನ ಜೊತೆ ಇದ್ದೂ ಇದ್ದೂ ಕೆಟ್ಟುಹೋಗಿದ್ದಾಳೆ. ಮುಂದಿನ ಬೀದಿಯ ಮೀಸೆ ಮೆಕ್ಯಾನಿಕ್ ಹತ್ತಿರ ಹೋದೆ. ಬಾನೆಟ್ ಕೂಡ ಎತ್ತಲಿಲ್ಲ, "ಬಿಟ್ಟು ಹೋಗಿ ಸಾರ್" ಅಂದ. ಬಿಟ್ಟು ಬಂದೆ, ಕಾರನ್ನಲ್ಲ, ಅವನನ್ನ. ನಿನ್ನ ಕೈಯೊಂದೇ ಸೋಕಿದ ಗಾಡಿ ಅದು. ಇನ್ನೊಬ್ಬನಿಗೆ ಒಪ್ಪಿಸಲು ಮನಸ್ಸೇ ಬರಲಿಲ್ಲ. ಹೊಸ ಆಕ್ಸಲ್ ಒಂದನ್ನು ಜಾಯಿಂಟುಗಳ ಸಮೇತ ತಂದು ಶೆಡ್ಡು ಸೇರಿದೆ.

ಮೊದಲ ಪಾಠ ನೆನಪಿತ್ತು. ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ಟು ಸಡಿಲಿಸಬೇಕು, ಎತ್ತಿದ ಮೇಲೆ ಚಕ್ರವೂ ಜೊತೆಗೆ ಸುತ್ತುತ್ತದೆ. ನಿನ್ನತ್ತಿಗೆಯನ್ನು ಬ್ರೇಕಿನ ಮೇಲೆ ಕೂರಿಸಿದೆ. "ಇಷ್ಟು ವರ್ಷ ನಿಮಗೆ ಬ್ರೇಕ್ ಹಾಕಿ ಅಭ್ಯಾಸ ಇದೆ" ಅಂದಳು. ನಟ್ಟಿನ ಅಂಚನ್ನು ನೀನು ಹೊಡೆದು ಮಡಿಸಿಟ್ಟಿದ್ದೆಯಲ್ಲ, ಅದನ್ನು ಉಳಿಯಿಂದ ಎಬ್ಬಿಸುವಷ್ಟರಲ್ಲಿ ನನ್ನ ಹೆಬ್ಬೆರಳಿಗೆ ಸುತ್ತಿಗೆಯ ಪರಿಚಯ ಆಯಿತು. ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ಸಿಗಿಸಿ, ಕೊನೆಗೆ ಅದರ ಮೇಲೇ ಹತ್ತಿ ನಿಂತೆ. ನಟ್ಟನಡುವೆ ನಿಂತ ಮುದುಕನಿಗೆ ನಟ್ಟು ಹೆದರಿತೋ ಏನೋ, ಕಟ್ ಅಂತ ಬಿಟ್ಟುಕೊಟ್ಟಿತು. ಆಮೇಲೆ ಜ್ಯಾಕಿನಲ್ಲಿ ಎತ್ತಿ, ಸ್ಟ್ಯಾಂಡು ಕೊಟ್ಟು, ಚಕ್ರ ತೆಗೆದು, ಬ್ರೇಕಿನ ಕ್ಯಾಲಿಪರ್ ಅದರ ಪೈಪಿಗೆ ಜೋತುಬೀಳದ ಹಾಗೆ ಬಟ್ಟೆಪಟ್ಟಿಯಲ್ಲಿ ಕಟ್ಟಿದೆ. ಪಟ್ಟಿ ಎಲ್ಲಿಂದ ಬಂತು ಅಂತ ಕೇಳಬೇಡ. ನಿನ್ನತ್ತಿಗೆ ಆ ಲಂಗವನ್ನು ಇನ್ನೂ ಹುಡುಕುತ್ತಿದ್ದಾಳೆ.

ಎಡವಟ್ಟಾದದ್ದು ಆಮೇಲೆ. ಚಕ್ರದ ಭಾಗವನ್ನು ಕೆಳಗಿನ ಕಬ್ಬಿಣದ ತೋಳಿಗೆ ಹಿಡಿದಿರುವ ಬೋಲ್ಟ್ ಒಂದಿದೆಯಲ್ಲ, ಅದನ್ನು ಬಿಚ್ಚಬೇಕಿತ್ತು. ನಾನು ಎಷ್ಟೋ ವರ್ಷ ನಿನ್ನೆದುರು ಕೂತು ಟಾರ್ಚು ಹಿಡಿದವನು. ಗಾಡಿ ನನಗೆ ಗೊತ್ತಿಲ್ಲ, ನಿನ್ನ ಕೈ ಗೊತ್ತು. ಕಣ್ಣು ಮುಚ್ಚಿದರೆ ಸಾಕು, ಕೈ ಹೇಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ, ಮಣಿಕಟ್ಟು ಯಾವ ಕಡೆ ಹೊರಳುತ್ತೆ, ಎಲ್ಲ ಕಾಣುತ್ತದೆ. ಹಾಗೇ ಸ್ಪ್ಯಾನರ್ ತಿರುಗಿಸಿದೆ. ಬರಲಿಲ್ಲ. ಇನ್ನೂ ಬಲ ಹಾಕಿದೆ. ಇವಳು ಟಾರ್ಚು ಹಿಡಿದು ಕೂತವಳು ಸುಮ್ಮನೆ ನೋಡಿ ನೋಡಿ, "ರೀ, ಬಿಚ್ತಾ ಇದೀರೋ, ಬಿಗೀತಾ ಇದೀರೋ?" ಅಂದಳು. ಬಿಗಿಯುತ್ತಿದ್ದೆ ಮಾರಾಯ! ನಾನು ನೋಡಿದ್ದೆಲ್ಲ ಎದುರಿನಿಂದ, ಕನ್ನಡಿಯಲ್ಲಿ ನೋಡಿದ ಹಾಗೆ. ಬೋಲ್ಟು ಯಾವ ಕಡೆ ಬಿಚ್ಚುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಗೊತ್ತು. ಆದರೆ ಗೊತ್ತಿದ್ದದ್ದಕ್ಕಿಂತ ನಿನ್ನ ಕೈಯನ್ನೇ ನಂಬಿದ್ದೆ. ಅಲ್ಲಿಂದ ಮುಂದೆ ನೆನಪಾದದ್ದನ್ನೆಲ್ಲ ಉಲ್ಟಾ ಮಾಡಿದೆ. ಸಲೀಸಾಗಿ ಬಂತು.

ಒಳಗಿನ ತುದಿಯನ್ನು ಗೇರ್‌ಬಾಕ್ಸಿನಿಂದ ತೆಗೆಯುವಾಗ ಆಕ್ಸಲ್ಲಿನ ನಡುವಿನ ಕಂಬಿ ಹಿಡಿದು ಎಳೆಯಬಾರದು, ಜಾಯಿಂಟು ಕಳಚಿ ಗುಂಡುಗಳು ನೆಲದ ಪಾಲಾಗುತ್ತವೆ ಅಂತ ನೀನೊಮ್ಮೆ ಬೈದದ್ದು ನೆನಪಿತ್ತು. ಬೈಗುಳ ಮರೆಯುವುದಿಲ್ಲ ನೋಡು, ಮುಂದೆಯೂ ಬೈತಿರು. ಸಣ್ಣ ಹಾರೆಕೋಲನ್ನು ಸಂದಿಗೆ ಕೊಟ್ಟು ಮೀಟಿದೆ. ಟಪ್ ಅಂತ ಹೊರಗೆ ಬಂತು, ಹಿಂದೆಯೇ ಗೇರ್ ಆಯಿಲ್ ಕೂಡ. ಬೋಗುಣಿ ಇಡಬೇಕೆಂದು ಗೊತ್ತಿತ್ತು, ಇಟ್ಟೂ ಇದ್ದೆ, ಆದರೆ ಒಂದು ಗೇಣು ಆಚೆಗೆ. ಎಣ್ಣೆ ನನ್ನ ಅಂಗಿತೋಳಿನೊಳಗಿಂದ ಇಳಿದು ಬಗಲಿಗೆ ಬಂದು ನಿಂತಿತು. ಮೂಳೆಗೆ ಒಳ್ಳೇದು ಅಂತ ಒರೆಸದೆ ಬಿಟ್ಟೆ.

ಹಳೇ ಆಕ್ಸಲ್ಲನ್ನು ಏನು ಮಾಡಿದೆ ಗೊತ್ತಾ? ಇವಳು ಅಡುಗೆಮನೆ ಸೇರಿದ್ದಾಗ ಒಳಗೆ ಸೋಫಾ ಮೇಲೆ ಮಲಗಿಸಿ, ತಲೆದಿಂಬು ಕೊಟ್ಟು, ಕಂಬಳಿ ಹೊದಿಸಿ, "ನೆಂಟರು ಬಂದಿದಾರೆ, ಪಾಪ ಸುಸ್ತಾಗಿ ಮಲಗಿದಾರೆ" ಅಂದೆ. ಇವಳು ಟೀ ಮಾಡಿ ತಂದು, ಮೆಲ್ಲಗೆ, "ಏಳಿ, ಬಿಸಿ ಇದೆ" ಅಂತ ಎಬ್ಬಿಸಿದಳು. ಕಂಬಳಿ ಸರಿದ ಮೇಲೆ ನೋಡಬೇಕಿತ್ತು ಅವಳ ಮುಖ! ದಿಂಬಿನ ಕವರ್ ನಾನೇ ಒಗೆಯಬೇಕೆಂದು ತೀರ್ಪಾಗಿದೆ. ಆ ಟೀ ಕುಡಿದು ಹೊಸದನ್ನು ಕೂರಿಸಿದೆ, ಎಲ್ಲ ಬಿಗಿದೆ, ಎಣ್ಣೆ ತುಂಬಿದೆ, ಚಕ್ರ ಹಾಕಿದೆ. ಫಸ್ಟ್ ಕ್ಲಾಸ್. ಮೀಸೆ ಮೆಕ್ಯಾನಿಕ್ ಗೇಟಿನಿಂದ ಇಣುಕಿ, "ಯಾರ್ ಮಾಡಿದ್ದು ಸಾರ್?" ಅಂದ. ನನ್ನ ತಮ್ಮ ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ, ಬಾಯಿಗೆ ಬಂತು.

ಮಾತ್ರೆ ತಪ್ಪಿಸಬೇಡ. ಆ ಹುಡುಗಿ ಬಂದಾಗ ಗೋಡೆ ಕಡೆ ತಿರುಗಿ ಮಲಗಬೇಡ. ಮಗಳಿಗೆ ನಮ್ಮಿಬ್ಬರ ಆಶೀರ್ವಾದ, ಅಳಿಯಂದಿರಿಗೂ. ನಿನಗೆ ಆಶೀರ್ವಾದದ ಜೊತೆ ಒಂದು ಗುದ್ದೂ ಇದೆ, ಎದುರು ಸಿಕ್ಕಾಗ ಕೊಡುತ್ತೇನೆ.

ನಿನ್ನ ಅಣ್ಣ,
ಟಾರ್ಚು ಹಿಡಿಯುವವನು

ಮರೆತಿದ್ದೆ: ಕವರು ಅಂಟಿಸುವ ಮೊದಲು ನಿಜ ಹೇಳಿಬಿಡುತ್ತೇನೆ. ಕಾರು ಇನ್ನೂ ಶೆಡ್ಡು ಬಿಟ್ಟಿಲ್ಲ. ಒಳತುದಿಯನ್ನು ಗೇರ್‌ಬಾಕ್ಸಿನಲ್ಲಿ ಹಿಡಿದಿಡುವ ಕ್ಲಿಪ್ಪು ಸರಿಯಾಗಿ ಕೂತಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಒಳತುದಿಯ ಜಾಯಿಂಟನ್ನೇ ಹಿಡಿದು ಎಳೆದು ನೋಡಿದೆ, ಬರಲಿಲ್ಲ. ಕ್ಲಿಪ್ಪು ಹಿಡಿದುಕೊಂಡಿದೆಯೋ, ನನ್ನಲ್ಲಿ ಶಕ್ತಿ ಇಲ್ಲವೋ? ನೀನಾದರೆ ಅಂಗೈ ಇಟ್ಟು ಒಮ್ಮೆ ಒತ್ತಿ, "ಕೂತ್ಕೊಳ್ತು" ಅಂತ ಹೇಳಿ ಎದ್ದುಬಿಡುತ್ತಿದ್ದೆ. ಆ ಒಂದು ಮಾತು ನನ್ನ ಕೈಗೆ ಹೇಳಲು ಬರುವುದಿಲ್ಲ. ಅದಕ್ಕೆ ಎಡಗೈಯೂ ಆಗುತ್ತದೆ ಕಣೋ. ಬಂದು ಒತ್ತಿ ನೋಡು. ತಪ್ಪಾಗಿದ್ದರೆ ನೀನು ಕೂತು ಹೇಳು, ನಾನು ಮತ್ತೆ ಬಿಚ್ಚುತ್ತೇನೆ. ಇದೂ ಒಂದು ಆಟ ಅಂದುಕೊಳ್ಳುತ್ತೀಯ ಅಂತ ಗೊತ್ತು, ಅದಕ್ಕೇ ಕೆಳಗೆ ನಿನ್ನತ್ತಿಗೆ ಕೈಯಲ್ಲಿ ಬರೆಸಿದ್ದೇನೆ.

ಈ ಸಲ ಇವರು ಹೇಳ್ತಿರೋದು ನಿಜ. ಎರಡು ದಿನದಿಂದ ಕಾರಿನ ಸುತ್ತ ಸುಮ್ಮನೆ ಓಡಾಡ್ತಾ ಇದಾರೆ, ಕೀಲಿ ಮುಟ್ಟಲ್ಲ. ಶನಿವಾರ ನಿನ್ನ ಮಗಳು ಕರ್ಕೊಂಡು ಬರ್ತಾಳೆ, ನಾನೇ ಮಾತಾಡಿದೀನಿ. ಕೆಳಗಿನ ರೂಮಿನಲ್ಲಿ ಹಾಸಿಗೆ ಹಾಕಿದೀನಿ. ನೀನು ಕ್ಲಿಪ್ಪು ಕೂತಿದೆ ಅನ್ನೋವರೆಗೂ ನಾನು ಆ ಕಾರು ಹತ್ತಲ್ಲ. ಅತ್ತಿಗೆ.