ಹೋಗದೆಯೇ ಹಿಂತಿರುಗಿದ ಹುಡುಗಿ

ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಮಗಳು ಕಳೆದ ವರ್ಷ ವಿದೇಶಕ್ಕೆ ಹೋಗಿ ಬಂದಳೆಂದು ಈಚೆಗೆ ತಮ್ಮ ಕಚೇರಿಯಿಂದ ತಿಳಿದು ಬಹಳ ಸಂತೋಷವಾಯಿತು. ಮನೆಯಲ್ಲಿ ಯಾರಿಗೂ ಈ ಸಂಗತಿ ಗೊತ್ತಿರಲಿಲ್ಲ. ತಾಯಿಗೆ ಗೊತ್ತಿರಲಿಲ್ಲ, ತಂದೆಗೆ ಗೊತ್ತಿರಲಿಲ್ಲ, ಸ್ವತಃ ಅವಳಿಗೂ ಗೊತ್ತಿರಲಿಲ್ಲ. ‘ಪ್ರೌಢಶಾಲಾ ವಿದ್ಯಾರ್ಥಿಗಳ ವಿದೇಶ ಅಧ್ಯಯನ ಪ್ರವಾಸ ವಿಭಾಗ’ ಎಂಬ, ಓದಿ ಮುಗಿಸುವಷ್ಟರಲ್ಲಿ ವಿಮಾನ ತಪ್ಪಿಹೋಗುವಷ್ಟು ಉದ್ದದ ಫಲಕದ ಹಿಂದೆ ಕೂತಿರುವ ತಮಗೆ ಮಾತ್ರ ಗೊತ್ತಿತ್ತು. ಒಮ್ಮೆ ಹೋಗಿ ಬಂದವರಿಗೆ ಮತ್ತೊಮ್ಮೆ ಅವಕಾಶವಿಲ್ಲ ಎಂಬ ನಿಯಮ ತೋರಿಸಿ ಈ ವರ್ಷದ ಅವಳ ಅರ್ಜಿಯನ್ನು ತಮ್ಮವರು ತಿರಸ್ಕರಿಸಿದ್ದಾರೆ. ಈ ವರ್ಷ ಹೊರಡುವ ಎರಡನೆಯ ತಂಡದ ಪಟ್ಟಿ ಈ ತಿಂಗಳ ಕೊನೆಯ ದಿನ ಮುಚ್ಚುತ್ತದೆ. ಅವಳೀಗ ಹತ್ತನೆಯ ತರಗತಿ. ಮುಂದಿನ ವರ್ಷ ಪ್ರೌಢಶಾಲೆ ಅವಳಿಗಿಲ್ಲ, ಪ್ರೌಢಶಾಲೆಯ ಪ್ರವಾಸವೂ ಇಲ್ಲ. ಆದ್ದರಿಂದ ನನ್ನ ದೂರು ಸರಳವಾದದ್ದು: ಕಳಿಸದೇ ಇದ್ದವಳನ್ನು ತಾವು ವಾಪಸ್ ಕರೆತಂದಿದ್ದೀರಿ. ದಯವಿಟ್ಟು ಮೊದಲು ಕಳಿಸಿ.

ಈ ಹುಡುಗಿಯನ್ನು ಮನೆಯಲ್ಲಿ ನಾವೆಲ್ಲ ‘ಪ್ರಶ್ನೆಪತ್ರಿಕೆ’ ಎಂದು ಕರೆಯುತ್ತೇವೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೂರು ಪ್ರಶ್ನೆಗಳು; ಎಲ್ಲವೂ ಕಡ್ಡಾಯ, ಆಯ್ಕೆಗೆ ಅವಕಾಶವಿಲ್ಲ. ಅಂಥವಳನ್ನೂ ತಮ್ಮ ನಾಲ್ಕನೆಯ ಕಿಟಕಿಯ ಗುಮಾಸ್ತರು ನಿರುತ್ತರಗೊಳಿಸಿದರೆಂದರೆ ಅವರ ಸಾಮರ್ಥ್ಯಕ್ಕೆ ಮೊದಲು ಕೈ ಮುಗಿಯಬೇಕು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, ದಪ್ಪ ರಿಜಿಸ್ಟರಿನ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ನೋಡಮ್ಮ, ಇಲ್ಲಿದೆ. ನಿನ್ನ ವರದಿ ಬಂದಿದೆ. ವರದಿ ಬಂದಿದೆ ಅಂದ್ರೆ ನೀನೂ ಬಂದಿದ್ದೀಯ.”

“ಸರ್, ನಾನು ಹೋಗೇ ಇಲ್ಲ.”

“ಹೋಗ್ದೆ ಹದಿನಾಲ್ಕು ಪುಟ ಬರೀತಾರಾ ಯಾರಾದ್ರೂ? ಹೋದವರೇ ಎರಡು ಪುಟ ಬರೆದಿಲ್ಲ.”

“ಪಾಸ್‌ಪೋರ್ಟ್ ನೋಡಿ ಸರ್. ಒಂದು ಮುದ್ರೆನೂ ಇಲ್ಲ.”

ಅವರು ಪಾಸ್‌ಪೋರ್ಟಿನ ಪುಟಗಳನ್ನು ತಿರುವಿ, ಮೆಚ್ಚುಗೆಯಿಂದ ತಲೆಯಾಡಿಸಿದರು. “ಎಷ್ಟು ನೀಟಾಗಿ ಇಟ್ಕೊಂಡಿದ್ದೀಯಮ್ಮ! ಆದ್ರೆ ಪಾಸ್‌ಪೋರ್ಟು ನಮ್ಮ ಇಲಾಖೆಗೆ ಬರಲ್ಲ. ನಮಗೆ ವರದಿನೇ ಆಧಾರ.”

“ವಿಮಾನದೊಳಗೆ ಹೇಗಿರುತ್ತೆ ಅಂತಾನೇ ನಂಗೆ ಗೊತ್ತಿಲ್ಲ ಸರ್.”

“ನಿದ್ದೆ ಮಾಡಿರ್ತೀಯ, ಬಿಡು. ಮುಂದಿನವರು ಬನ್ನಿ.”

ಹೋಗದವಳು ವರದಿ ಹೇಗೆ ಬರೆದಳು ಎಂದು ಈ ಪತ್ರ ಓದುವ ಸಾರ್ವಜನಿಕರು ಕೇಳಬಹುದು. ತಾವು ಕೇಳಲಾರಿರಿ, ಏಕೆಂದರೆ ಬರೆಸಿದವರು ತಾವೇ. ಕಳೆದ ವರ್ಷ ಶಾಲೆಗೆ ಬಂದ ತಮ್ಮ ಸುತ್ತೋಲೆಯನ್ನು ನಾನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕೆಂದಿದ್ದೇನೆ: “ಪ್ರವಾಸಾನಂತರದ ವರದಿಯನ್ನು ಪ್ರವಾಸಕ್ಕೆ ಹದಿನೈದು ದಿನ ಮೊದಲು ಕಡ್ಡಾಯವಾಗಿ ಸಲ್ಲಿಸತಕ್ಕದ್ದು.” ತಂಡ ಮರಳುವ ಹೊತ್ತಿಗೆ ಆ ವರ್ಷದ ಕಡತಗಳು ಮುಚ್ಚಿರುತ್ತವೆ, ಆದ್ದರಿಂದ ಅನುಭವಗಳನ್ನು ಮುಂಗಡವಾಗಿ ಪಡೆಯಲಾಗುತ್ತಿದೆ ಎಂದು ಕೆಳಗೆ ವಿವರಣೆ ಬೇರೆ. ಮುಂಗಡ ಟಿಕೆಟ್ಟಿನ ಬಗ್ಗೆ ಕೇಳಿದ್ದೆ. ಮುಂಗಡ ಆಶ್ಚರ್ಯ, ಮುಂಗಡ ರೋಮಾಂಚನ, ಮುಂಗಡ ಮನೆ ನೆನಪು ಇವುಗಳನ್ನು ಕೇಳಿದ್ದು ಅದೇ ಮೊದಲು.

ಆಯ್ಕೆಯಾಗಿದ್ದ ಇಪ್ಪತ್ತೇಳು ಮಕ್ಕಳಲ್ಲಿ ಹೆಚ್ಚಿನವರು ಜಾಣರು. ‘ಬೇಗ ಎದ್ದೆವು, ಬಸ್ಸು ಹತ್ತಿದೆವು, ನೋಡಿದೆವು, ಆನಂದಿಸಿದೆವು’ ಎಂದು ಒಂದೂವರೆ ಪುಟದಲ್ಲಿ ಪ್ರಪಂಚ ಮುಗಿಸಿದರು. ನಮ್ಮ ಪ್ರಶ್ನೆಪತ್ರಿಕೆಗೆ ಹಾಗೆ ಮಾಡಲು ಬರುವುದಿಲ್ಲ. ಪ್ರವಾಸದ ಐದನೆಯ ದಿನ ‘ದೋಣಿ ಎತ್ತುವ ಲಿಫ್ಟಿನ ವೀಕ್ಷಣೆ’ ಎಂದಿತ್ತು. ಕೆಳಗೊಂದು ಕಾಲುವೆ, ಬೆಟ್ಟದ ಮೇಲೊಂದು ಕಾಲುವೆ. ನಡುವೆ ನೀರು ತುಂಬಿದ ಭಾರೀ ತೊಟ್ಟಿ. ದೋಣಿ ತೇಲುತ್ತ ಒಳಗೆ ಬಂದರೆ ತೊಟ್ಟಿ, ನೀರು, ದೋಣಿ, ಎಲ್ಲವನ್ನೂ ಲಿಫ್ಟು ಒಟ್ಟಿಗೆ ಮೇಲಕ್ಕೆತ್ತುತ್ತದೆ. ಅವಳ ತಂದೆ, ಅಂದರೆ ನನ್ನ ಭಾವ, ಲಿಫ್ಟ್ ರಿಪೇರಿ ಮಾಡುವವರು. ಇಪ್ಪತ್ತು ವರ್ಷಗಳಿಂದ ಬೇರೆಯವರ ಮಹಡಿಗಳನ್ನು ಹತ್ತಿಳಿಯುತ್ತಿದ್ದಾರೆ, ತಮ್ಮದು ನೆಲಮಹಡಿ. ಸುದ್ದಿ ಕೇಳಿದ್ದೇ ಅವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟರು.

“ಅಲ್ಲ ಪುಟ್ಟಿ, ಲಿಫ್ಟ್ ಅಂದ್ರೆ ಎದುರಿಗೆ ಸಮತೂಕಕ್ಕೆ ಒಂದು ಕೌಂಟರ್‌ವೇಟ್ ಇರ್ಬೇಕು. ಭಾರ ಇಷ್ಟೇ ಅಂತ ಮೊದಲೇ ಗೊತ್ತಿರ್ಬೇಕು. ಇವತ್ತು ಸಣ್ಣ ದೋಣಿ ಬರುತ್ತೆ, ನಾಳೆ ದೊಡ್ಡದು ಬರುತ್ತೆ. ಹೇಗೆ ಹೊಂದಿಸ್ತಾರೆ? ಅದೊಂದು ಕೇಳ್ಕೊಂಡು ಬಾ. ಬೇರೇನೂ ತರ್ಬೇಡ ನಂಗೆ.”

ಅಪ್ಪ ಒಂದು ಪ್ರಶ್ನೆ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಮಗಳು ಬಿಡುತ್ತಾಳೆಯೇ? ವರದಿಯೋ ಮೊದಲೇ ಬೇಕು, ಉತ್ತರವೋ ಅಲ್ಲಿ ಹೋದ ಮೇಲೆ ಸಿಗಬೇಕು. ಅವಳು ಸ್ನಾನದಮನೆಯ ಬಕೆಟ್ಟಿಗೆ ಕಂಠದವರೆಗೆ ನೀರು ತುಂಬಿಸಿ, ಅದನ್ನು ಅಪ್ಪನ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದಳು. ಮುಳ್ಳು ನಿಂತ ಜಾಗ ಗುರುತು ಹಾಕಿಕೊಂಡಳು. ಸ್ಟೀಲಿನ ಬೋಗುಣಿಯಲ್ಲಿ ನಟ್ಟು ಬೋಲ್ಟು ತುಂಬಿ ಮೆಲ್ಲಗೆ ತೇಲಬಿಟ್ಟಳು. ನೀರು ತುಳುಕಿ ಅಪ್ಪನ ಕಾಲ ಮೇಲೆ ಬಿತ್ತು. ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

“ನೋಡಪ್ಪ! ದೋಣಿ ಎಷ್ಟು ಭಾರ ಇರುತ್ತೋ ಅಷ್ಟೇ ಭಾರದ ನೀರು ಆಚೆ ಹೋಗುತ್ತೆ. ಲಿಫ್ಟಿಗೆ ದೋಣಿ ಬಂದಿದ್ದೇ ಗೊತ್ತಾಗಲ್ಲ!”

ಭಾವ ಒದ್ದೆ ಪ್ಯಾಂಟಿನಲ್ಲೇ ನಿಂತು ಬಕೆಟ್ಟನ್ನು ನೋಡುತ್ತಿದ್ದರು. “ಬಕೆಟ್ಟಲ್ಲಿ ಸರಿ,” ಎಂದರು. “ಅಲ್ಲೂ ಹಾಗೇನಾ ಅಂತ ಕಣ್ಣಾರೆ ನೋಡ್ಕೊಂಡು ಬಾ.”

ಹೀಗೆ ಬರೆದ ವರದಿ ಅದು. ಕಾಲುವೆಯ ಲೆಕ್ಕಾಚಾರವೆಲ್ಲ ಗ್ರಂಥಾಲಯದ ಪುಸ್ತಕಗಳಿಂದ, ತೂಕದ ಸಂಗತಿ ಸ್ನಾನದಮನೆಯಿಂದ. ಒಂದೇ ಒಂದು ಸುಳ್ಳು ಅದರಲ್ಲಿತ್ತು. ಅನುಭವದ ವರದಿಯಲ್ಲಿ ಯಾರಾದರೂ ಮಾತಾಡಬೇಕಲ್ಲ ಎಂದು, ಆ ಲಿಫ್ಟನ್ನು ನಡೆಸುವ ಒಬ್ಬ ಹೆಂಗಸನ್ನು ಅವಳು ಕಟ್ಟಿ ನಿಲ್ಲಿಸಿದ್ದಳು: ತಲೆಗೆ ನೀಲಿ ಸ್ಕಾರ್ಫು, ಎಡಗೈ ಹೆಬ್ಬೆರಳಿಗೆ ಸುತ್ತಿದ ಬಿಳಿ ಬಟ್ಟೆ, ಕೆಲಸ ಮಾಡುತ್ತ ಮೂಗಿನಲ್ಲೇ ಹಾಡು. ಆ ಹೆಂಗಸು ಯಾವ ದೇಶದವಳೆಂದು ಕೇಳುತ್ತೀರಾ? ನಮ್ಮ ಮನೆಯ ಮುಂದಿನ ಕೋಣೆಯವಳು. ನನ್ನ ಅಕ್ಕ ಶಾಲಾ ಸಮವಸ್ತ್ರ ಹೊಲಿಯುವವಳು. ನೂಲಿನ ಧೂಳು ಕೂದಲಿಗೆ ಹತ್ತದಿರಲೆಂದು ನೀಲಿ ಸ್ಕಾರ್ಫು ಕಟ್ಟುತ್ತಾಳೆ. ಆ ವಾರ ಮಗಳ ಪ್ರವಾಸಕ್ಕೆಂದು ಚಳಿಯ ಕೋಟು ಹೊಲಿಯುವಾಗ ಮಿಷನ್ನಿನ ಸೂಜಿ ಹೆಬ್ಬೆರಳಿಗೆ ಇಳಿದಿತ್ತು.

ಇನ್ನು ಆ ಪಟ್ಟಿಯ ಕಥೆ. ಮೂವತ್ತು ಆಸನಗಳು, ಮೊದಲ ಪಟ್ಟಿಯಲ್ಲಿ ಇಪ್ಪತ್ತೇಳು ಮಕ್ಕಳು, ಮೂವರು ಮೇಲ್ವಿಚಾರಕರು. ಆಮೇಲೆ ಮೇಲ್ವಿಚಾರಕರ ಮೇಲ್ವಿಚಾರಣೆ ನಡೆಸಲು ಮತ್ತಷ್ಟು ಮೇಲ್ವಿಚಾರಕರು ಬೇಕೆನಿಸಿತು. ಹೊರಡುವ ವಾರ ಶಾಲೆಯ ಗೋಡೆಗೆ ಅಂಟಿದ ಕೊನೆಯ ಪಟ್ಟಿಯಲ್ಲಿ ಹದಿನೆಂಟು ಮಕ್ಕಳು, ಹನ್ನೆರಡು ಮೇಲ್ವಿಚಾರಕರು. ಮುಖ್ಯೋಪಾಧ್ಯಾಯಿನಿಯವರು ನಮ್ಮ ಹುಡುಗಿಯ ಭುಜ ಹಿಡಿದು ಹೇಳಿದ್ದು ಇಷ್ಟೇ: “ಮುಂದಿನ ವರ್ಷ ಖಂಡಿತ ಹೋಗ್ತೀಯಮ್ಮ. ಅಳ್ಬೇಡ.” ಅವಳು ಅಳಲಿಲ್ಲ. ಮನೆಗೆ ಬಂದು ಕೋಟನ್ನು ಮಡಿಸಿಟ್ಟು, “ಅಪ್ಪ, ನಮ್ಮ ಬಕೆಟ್ಟು ಸರಿಯಾಗೇ ಹೇಳಿತ್ತು. ಎಷ್ಟು ಜನ ದೊಡ್ಡವರು ಒಳಗೆ ಬಂದ್ರೋ ಅಷ್ಟೇ ಜನ ನಾವು ಆಚೆ ಬಂದ್ವಿ. ಲಿಸ್ಟಿನ ಮುಳ್ಳು ಅಲ್ಲಾಡ್ಲೇ ಇಲ್ಲ,” ಎಂದಳು. ಮಾನ್ಯರೇ, ಆ ಪ್ರವಾಸದಿಂದ ಯಾರು ಏನು ಕಲಿತರೋ ತಿಳಿಯದು. ಹೋಗದವಳು ಇಷ್ಟು ಕಲಿತಳು.

ಅವಳ ಪಕ್ಕದ ಬೆಂಚಿನ ಗೆಳತಿ ಹೋಗಿ ಬಂದಳು. ಹೋಟೆಲಿನ ಪುಟ್ಟ ಸೋಪೊಂದನ್ನು ನೆನಪಿಗೆಂದು ತಂದುಕೊಟ್ಟಳು. ನಮ್ಮವಳು ಸೋಪಿಗೆ ಕೈ ಚಾಚುವ ಮೊದಲೇ ಕೇಳಿದಳು, “ದೋಣಿ ಲಿಫ್ಟ್ ಹೇಗಿತ್ತೇ?”

“ಅದೆಲ್ಲಿ ನೋಡಿದ್ವಿ? ಅವತ್ತು ಸರ್‌ಗಳೆಲ್ಲ ಸೂಟ್‌ಕೇಸ್ ತಗೊಳ್ಳೋಕೆ ಹೋದ್ರು. ನಾವು ಬಸ್ಸಲ್ಲೇ ಕೂತಿದ್ವಿ. ಒಬ್ಬ ಸರ್ ಬಂದು, ಕಿಟಕಿಯಿಂದ ಏನು ಕಾಣುತ್ತೋ ಅದನ್ನ ಅಧ್ಯಯನ ಮಾಡಿ ಅಂದ್ರು. ಪಾರ್ಕಿಂಗ್ ಕಾಣ್ತಿತ್ತು.”

ಅಂತೂ ಅಧ್ಯಯನ ಪ್ರವಾಸದಲ್ಲಿ ಅಧ್ಯಯನವನ್ನು ನಮ್ಮ ಹುಡುಗಿಗೂ ಪ್ರವಾಸವನ್ನು ತಮಗೂ ನ್ಯಾಯವಾಗಿ ಹಂಚಲಾಗಿತ್ತು. ಇಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ; ಸುಮ್ಮನಿರುವುದು ನನ್ನ ವೃತ್ತಿಧರ್ಮ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು ನಾನು. ಕಿಟಕಿಯ ಪಕ್ಕದ ಮೇಜು, ಕೆಂಪು ಪೆನ್ನು, ಬೆನ್ನ ಹಿಂದೆ ಯಂತ್ರದ ಗಡಗಡ. “ಅಕ್ಷರ ತಿದ್ದು, ವಿಷಯಕ್ಕೆ ಕೈ ಹಾಕ್ಬೇಡ ಮಾರಾಯ” ಎನ್ನುವುದು ನಮ್ಮ ಮಾಲೀಕರ ಮೊದಲ ಪಾಠ. ತಮ್ಮ ಕಿಟಕಿಯಿಂದ ನಾವು ತಿರಸ್ಕೃತರಾಗಿ ಬಂದ ಮರುದಿನವೇ ಆ ಮೇಜಿಗೆ ಒಂದು ಕರಡು ಬಂತು: ಮೊದಲ ತಂಡದ ಪ್ರವಾಸದ ಸ್ಮರಣ ಸಂಚಿಕೆ.

ಏಳನೆಯ ಪುಟದಲ್ಲಿ ನಮ್ಮ ಹುಡುಗಿ. ‘ಪ್ರವಾಸದಿಂದ ಮರಳಿದ ವಿದ್ಯಾರ್ಥಿನಿಯ ಅತ್ಯುತ್ತಮ ವರದಿ’ ಎಂಬ ಶೀರ್ಷಿಕೆ. ಹನ್ನೊಂದನೆಯ ಪುಟದಲ್ಲಿ ತಾವು. ತಂಡದ ನಾಯಕರಾಗಿ ತಾವು ಬರೆದಿರುವ ಅನುಭವ ಕಥನವನ್ನು ಓದುತ್ತ ಈ ಸಾಲುಗಳ ಮೇಲೆ ಕೆಂಪು ಪೆನ್ನಿಟ್ಟು ಮತ್ತೊಮ್ಮೆ ಓದಿದೆ: “ಐದನೆಯ ದಿನ ದೋಣಿ ಎತ್ತುವ ಲಿಫ್ಟಿನ ಬಳಿ ನೀಲಿ ಸ್ಕಾರ್ಫಿನ ಮಹಾತಾಯಿಯೊಬ್ಬರು ಎದುರಾದರು. ಹೆಬ್ಬೆರಳಿನ ಗಾಯದ ನೋವನ್ನೂ ಲೆಕ್ಕಿಸದೆ ನನ್ನ ಕೈ ಕುಲುಕಿದರು. ನಮ್ಮ ಶಿಕ್ಷಣ ವ್ಯವಸ್ಥೆಯ ಬಗ್ಗೆ ಕೇಳಿ ಅವರ ಕಣ್ಣು ತುಂಬಿ ಬಂತು.”

ಕರಡಿನ ಪ್ರತಿಯನ್ನು ಮನೆಗೆ ಒಯ್ದು ಅಕ್ಕನಿಗೆ ತೋರಿಸಿದೆ. “ಅಕ್ಕ, ನಿನ್ನ ಹೆಬ್ಬೆರಳು ವಿದೇಶಕ್ಕೆ ಹೋಗಿ ಬಂದಿದೆ ನೋಡು.”

ಅವಳು ಮಿಷನ್ನು ನಿಲ್ಲಿಸಿ ಎರಡು ಸಲ ಓದಿದಳು. “ಕೈ ಕುಲುಕಿದ್ದು ನಂಗೆ ನೆನಪಿಲ್ಲ ಕಣೋ. ಶಿಕ್ಷಣ ವ್ಯವಸ್ಥೆ ನೆನೆಸ್ಕೊಂಡು ಕಣ್ಣು ತುಂಬಿದ್ದು ಮಾತ್ರ ನಿಜ.”

ಹದಿನಾಲ್ಕು ಪುಟಗಳಲ್ಲಿ ನಿಜವಲ್ಲದ್ದು ಆ ಹೆಂಗಸೊಬ್ಬಳೇ. ತಾವು ಎತ್ತಿಕೊಂಡದ್ದೂ ಅವಳೊಬ್ಬಳನ್ನೇ! ಕಾಲುವೆಯ ಎತ್ತರ, ತೊಟ್ಟಿಯ ಅಳತೆ, ಬಕೆಟ್ಟಿನ ಪ್ರಯೋಗ, ಯಾವುದನ್ನೂ ಮುಟ್ಟಿಲ್ಲ. ದೋಣಿ ಎತ್ತುವ ಲಿಫ್ಟಿನ ಬಗ್ಗೆ ಕೇಳಿದ್ದೇನೆ, ವರದಿ ಎತ್ತುವ ಲಿಫ್ಟನ್ನು ಈಗಲೇ ಕಂಡದ್ದು. ಈಗ ತಾವೇ ತೀರ್ಮಾನಿಸಿ. ಆ ಹೆಂಗಸು ಅಲ್ಲಿ ಇದ್ದಾಳೆನ್ನುವುದಾದರೆ, ಅವಳ ಬಳಿ ನಮ್ಮ ಹುಡುಗಿ ಬಂದಿದ್ದಳೇ ಎಂದು ಒಂದು ಮಾತು ವಿಚಾರಿಸಿ ತಿಳಿಸಿ. ಇಲ್ಲವೆನ್ನುವುದಾದರೆ, ಐದನೆಯ ದಿನ ತಾವು ಕುಲುಕಿದ್ದು ಯಾರ ಕೈ, ಎತ್ತಿದ್ದು ಯಾರ ಸೂಟ್‌ಕೇಸು? ಇದ್ದದ್ದು ಮೂವತ್ತೇ ಆಸನ, ಅವಳದರಲ್ಲಿ ಕೂತವರು ತಮ್ಮ ಕಡೆಯವರು: ಅವಳು ಹೋಗಿ ಬಂದವಳಾದರೆ ತಾವು ಹೋಗಿ ಬಂದಿಲ್ಲ. ತಾವು ಹೋಗಿ ಬಂದವರಾದರೆ ಅವಳು ಹೋಗಿಲ್ಲ. ಇಬ್ಬರನ್ನೂ ಒಂದೇ ರಿಜಿಸ್ಟರಿನಲ್ಲಿ ಒಂದೇ ದೇಶದಿಂದ ಇಳಿಸುವ ವಿಮಾನ ಇನ್ನೂ ತಯಾರಾಗಿಲ್ಲ.

ನಾನು ಸಿಟ್ಟಿನಿಂದ ಇದನ್ನೆಲ್ಲ ಹೇಳುತ್ತಿದ್ದರೆ ಪ್ರಶ್ನೆಪತ್ರಿಕೆ ನೆಲದ ಮೇಲೆ ಕೂತು ತಮ್ಮ ಪುಟವನ್ನು ಗಂಭೀರವಾಗಿ ಓದುತ್ತಿದ್ದಳು.

“ಮಾಮ, ಅವರು ಹೇಳಿರೋದು ನಿಜ ಆಗಿದ್ರೆ?”

“ಏನು ನಿಜ? ನೀನು ಕಟ್ಟಿದ ಕಥೆ ಕಣೇ ಅದು!”

“ಗೊತ್ತು. ಆದ್ರೂ ಅಲ್ಲಿ ಯಾರೋ ಒಬ್ಬರು ಆ ಲಿಫ್ಟ್ ನಡೆಸ್ತಾ ಇರ್ತಾರಲ್ಲ? ಅವರು ಹೇಗಿದ್ದಾರೆ ಅಂತ ನಂಗೂ ಗೊತ್ತಿಲ್ಲ, ಸರ್‌ಗೂ ಗೊತ್ತಿಲ್ಲ. ಯಾರಾದ್ರೂ ಒಬ್ಬರು ಹೋಗಿ ನೋಡ್ಬೇಕಲ್ವಾ?”

ಮಾನ್ಯರೇ, ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮಗೆ ಹೊಳೆದೀತು. ತಮ್ಮ ಕಚೇರಿಗೆ ನಾನು ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮೂರು ಮುದ್ರೆಗಳು ಬಂದಿವೆ. ಅವಳ ಪಾಸ್‌ಪೋರ್ಟಿಗೆ ಬೀಳಬೇಕಾದ ಮುದ್ರೆಗಳೆಲ್ಲ ನನ್ನ ಪತ್ರಗಳಿಗೆ ಬೀಳುತ್ತಿವೆ. ಆದ್ದರಿಂದ ಈಗ ಎಲ್ಲರೆದುರು ಕೇಳುತ್ತಿದ್ದೇನೆ. ಆ ರಿಜಿಸ್ಟರಿನಲ್ಲಿ ‘ಮರಳಿದವರು’ ಎಂಬ ಕಾಲಮಿನಿಂದ ಅವಳ ಹೆಸರನ್ನೂ, ಅವಳಂತೆಯೇ ಮನೆ ಬಿಡದೆ ಮರಳಿರುವ ಇನ್ನೆಂಟು ಮಕ್ಕಳ ಹೆಸರನ್ನೂ ಪಟ್ಟಿ ಮುಚ್ಚುವ ಮೊದಲು ತೆಗೆಯಿರಿ. ಆ ಒಂಬತ್ತು ಮಕ್ಕಳಿಗೆ ಈ ವರ್ಷದ ತಂಡದಲ್ಲಿ ಜಾಗ ಕೊಡಿ. ಜಾಗ ಸಾಲದಿದ್ದರೆ ಒಂಬತ್ತು ಮೇಲ್ವಿಚಾರಕರನ್ನು ಆಚೆ ಇಳಿಸಿ. ಮುಳ್ಳು ಅಲ್ಲಾಡುವುದಿಲ್ಲ, ನಮ್ಮ ಬಕೆಟ್ಟಿನ ಮೇಲಾಣೆ.

ತಡಮಾಡಬೇಡಿ. ಈ ಒಂದು ವರ್ಷದಲ್ಲಿ ಹುಡುಗಿ ಬೆಳೆದಿದ್ದಾಳೆ. ಅಕ್ಕ ಕೋಟಿನ ತೋಳನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದ್ದಾಳೆ. ಇನ್ನು ಬಿಚ್ಚಲು ಒಳಗೆ ಮಡಿಕೆ ಉಳಿದಿಲ್ಲ.

ಇಂತಿ, ತಮ್ಮ ಹನ್ನೊಂದನೆಯ ಪುಟದಲ್ಲಿ ಒಂದೇ ಒಂದು ಅಕ್ಷರದೋಷವನ್ನೂ ಕಾಣದ, ಉಳಿದದ್ದನ್ನು ತಿದ್ದುವ ಅಧಿಕಾರವಿಲ್ಲದ,
ಕರಡು ತಿದ್ದುವವ
(ಪ್ರಶ್ನೆಪತ್ರಿಕೆಯ ಸೋದರಮಾವ)

ಲಗತ್ತು: ಎರಡನೆಯ ತಂಡಕ್ಕಾಗಿ ನಿಯಮದಂತೆ ಹದಿನೈದು ದಿನ ಮೊದಲೇ ಸಲ್ಲಿಸುತ್ತಿರುವ ವಿದ್ಯಾರ್ಥಿನಿಯ ವರದಿ. ಒಂದು ಪುಟ, ಒಂದು ಸಾಲು. “ನೋಡಿಕೊಂಡು ಬಂದು ಬರೆಯುತ್ತೇನೆ.”