ಗ್ಯಾರೇಜಿಗೆ ಬಂದ ನಿಧಾನದ ಯಂತ್ರ

ಟೊಯಿವೊಲಾ, ಮಿಶಿಗನ್
24 ಅಕ್ಟೋಬರ್ 2011

ಪ್ರೀತಿಯ ಸೈಮಕ್ಕನಿಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಫ್ರಿಜ್ಜಿನ ಮೇಲೆ ಇಟ್ಟುಕೊಂಡು ದಿನಾ ನೋಡುತ್ತಿದ್ದೆ, ಬರೆಯಲು ಮಾತ್ರ ಕೂರುತ್ತಿರಲಿಲ್ಲ. ಬೈಯಬೇಡ. ನಿನ್ನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಇದನ್ನು ನೀನೇ ಓದುತ್ತಿದ್ದೀಯ ಅಂದುಕೊಂಡಿದ್ದೇನೆ. ಮಗಳ ಕೈಲಿ ಓದಿಸುತ್ತಿದ್ದರೆ ಇಲ್ಲಿಗೇ ನಿಲ್ಲಿಸು. ಮುಂದಿನದು ನಿನಗೆ ಮಾತ್ರ.

ಇಲ್ಲಿ ಸರೋವರದ ಕಡೆಯಿಂದ ಗಾಳಿ ಶುರುವಾಗಿದೆ. ಎರಡು ಸಲ ಹಿಮ ಉದುರಿ ಕರಗಿತು. ನನ್ನ ಮಂಡಿ ಸೌನಾದ ಹಬೆಕೋಣೆಯ ಬಿಸಿಯಲ್ಲಿ ಕೂತಾಗ ಮಾತ್ರ ತೆಪ್ಪಗಿರುತ್ತದೆ. ಆರ್ನಿಯ ಸುದ್ದಿ ಕೇಳಿದ್ದೀಯ. ಹೇಳಲು ಏನೂ ಇಲ್ಲ. ನಮ್ಮಪ್ಪ ಕೈಯಾರೆ ಕಟ್ಟಿದ ಕಾಡಿನ ಬೇಟೆಮನೆಯನ್ನು ಶಿಕಾಗೊದವರಿಗೆ ಮಾರಿದ ನನ್ನ ಮಗನ ಬಗ್ಗೆ ನಾನೇನು ಹೇಳಲಿ. ಎರಡು ವರ್ಷದಿಂದ ಅವನು ಈ ಮನೆಯ ಕಡೆ ತಲೆ ಹಾಕಿಲ್ಲ. ನಾವು ಮಾತು ಬಿಟ್ಟರೆ ಬಿಟ್ಟವರೇ, ಅದು ನಮ್ಮ ರಕ್ತದಲ್ಲೇ ಇದೆ. ಅಪ್ಪ ಚಿಕ್ಕಪ್ಪನ ಜೊತೆ ಸಾಯುವವರೆಗೂ ಮಾತಾಡಲಿಲ್ಲವಲ್ಲ.

ನಾನು ಬರೆಯಲು ಕೂತಿದ್ದು ರೇನೊ ವಿಷಯಕ್ಕೆ. ನನ್ನ ಗಂಡನೆಂಬ ಈ ಮನುಷ್ಯ ನನಗೆ ಏನನ್ನೋ ಮುಚ್ಚಿಡುತ್ತಿದ್ದಾನೆ.

ಬೇಸಿಗೆ ಕಳೆದದ್ದೇ ತಡ, ಅವನಿಗೆ ಟೈರು ಬಿಚ್ಚುವ ಯಂತ್ರದ ಹುಚ್ಚು ಹಿಡಿಯಿತು. ಅದರ ಜೊತೆಗೆ, ಚಕ್ರ ಅದುರದಂತೆ ಸೀಸದ ತುಂಡು ಅಂಟಿಸಿ ವೀಲ್ ಬ್ಯಾಲೆನ್ಸ್ ಮಾಡುವ ಯಂತ್ರವೂ ಬೇಕಂತೆ. ಊಟಕ್ಕೆ ಕೂತರೂ ಆ ಯಂತ್ರಗಳ ಪುಸ್ತಕ, ಮಲಗಿದರೂ ಅದೇ ಚಿತ್ರ. ಮನೆಗೆ ಅಂಟಿದ ನಮ್ಮ ಗ್ಯಾರೇಜಿನ ನೆಲವನ್ನು ಟೇಪು ಹಿಡಿದು ಅಳೆಯುತ್ತಾನೆ. ನನ್ನ ಹಳೇ ಡೀಪ್ ಫ್ರೀಜರನ್ನು ಮೂಲೆಗೆ ದಬ್ಬಿ ಜಾಗ ಮಾಡಿದ್ದಾನೆ. ನಿನಗೇ ಗೊತ್ತಲ್ಲ ಅಕ್ಕ, ನಮ್ಮ ಕಾರಿಗೆ ಎರಡು ಜೊತೆ ಚಕ್ರಗಳಿವೆ, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಟೈರು ರಿಮ್ಮಿನ ಮೇಲೆ ಕೂತೇ ಇರುತ್ತದೆ. ಬೋಲ್ಟು ಬಿಚ್ಚಿ ಚಕ್ರ ಬದಲಾಯಿಸಿದರೆ ಕೆಲಸ ಮುಗಿಯಿತು. ರಿಮ್ಮಿನಿಂದ ಟೈರು ಕಳಚುವ ಗೊಡವೆ ನಮಗೆಲ್ಲಿ ಬರುತ್ತದೆ? ಹಾಗಾದರೆ ಈ ಯಂತ್ರ ಯಾರಿಗೆ?

ಇನ್ನೊಂದು ಕೇಳು. ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ನಾವು ಹೆಂಗಸರು ಕೂತು ಹಳೇ ಬಟ್ಟೆ ಹರಿದು ಜಮಖಾನ ನೇಯುತ್ತೇವಲ್ಲ, ಅದಕ್ಕೆ ಹೋಗುವಾಗಲೆಲ್ಲ ಇವನು ಮೊದಲು ಗೊಣಗುತ್ತಿದ್ದ. ಈಗ ಹಾಗಲ್ಲ. "ಹೊತ್ತಾಯ್ತು, ಹೊರಡು ಹೊರಡು" ಅಂತ ತಾನೇ ಕಾರು ಶುರುಮಾಡಿ ಬೆಚ್ಚಗೆ ಮಾಡಿ ಕೊಡುತ್ತಾನೆ. ಒಂದು ಶನಿವಾರ ನೆಗಡಿಯಾಗಿ ಹೋಗುವುದಿಲ್ಲ ಅಂದಾಗ ಅವನ ಮುಖ ಹುಳ್ಳಗಾಯಿತು. ಕಳೆದ ತಿಂಗಳು ನಾನು ಬೇಗ ಬಂದ ದಿನ ಗ್ಯಾರೇಜಿನ ಬೆಂಚಿನ ಮೇಲೆ ಕಾಫಿಯ ಎರಡು ಕಪ್ಪು ಇದ್ದವು.

"ಯಾರು ಬಂದಿದ್ರು?"

"ಯಾರೂ ಇಲ್ಲ. ನಾನೇ ಎರಡು ಸಲ ಕುಡಿದೆ."

"ಎರಡು ಕಪ್ಪಲ್ಲಾ?"

"ಒಂದು ಕೊಳೆ ಆಗಿತ್ತು."

ಗ್ರೀಸು ಮೆತ್ತಿದ ಕೈಯಲ್ಲೇ ರೊಟ್ಟಿ ತಿನ್ನುವ ಮನುಷ್ಯ ಇವನು. ಕಪ್ಪು ಕೊಳೆಯಾಯಿತು ಅಂತ ಇನ್ನೊಂದು ತೆಗೆದುಕೊಂಡನಂತೆ.

ನಮ್ಮ ರಸ್ತೆಯ ಕೊನೆಯ ಮನೆಯ ಡಲೋರಿಸ್ ನಿನಗೆ ನೆನಪಿದ್ದಾಳಲ್ಲ, ಹೋದ ವರ್ಷ ಗಂಡನನ್ನು ಕಳೆದುಕೊಂಡವಳು? ಅವನ ಆನೆಯಂಥ ಪಿಕಪ್ ಗಾಡಿಯನ್ನು ಈಗ ಅವಳೇ ಓಡಿಸುತ್ತಾಳೆ. ಮೊನ್ನೆ ಚರ್ಚಿನಲ್ಲಿ ನನ್ನ ಕೈ ಹಿಡಿದುಕೊಂಡು, "ನಿಮ್ಮ ರೇನೊ ಅಂಥೋರು ಸಿಗೋದು ಕಷ್ಟ ಕಣ್ರೀ" ಅಂದಳು. ಯಾಕೆ ಅಂದಳು? ನಾನು ಕೇಳಿದ್ದೆನಾ?

ಹೋದ ವಾರ ಹೌಟನ್ನಿನ ಹತ್ತಿರ ಗ್ಯಾರೇಜಿನ ಸಾಮಾನು ಮಾರುವವನ ಬಳಿಗೆ ಹೊರಟ. ನಾನೂ ಬರುತ್ತೇನೆ ಅಂದೆ. ಬೇಡ ಅನ್ನಲು ಬಾಯಿ ಬರಲಿಲ್ಲ ಅವನಿಗೆ. ಅಂಗಡಿಯವನು ಮಾತುಗಾರ. ದೊಡ್ಡ ಕೆಂಪು ಯಂತ್ರದ ಬೆನ್ನು ತಟ್ಟಿ ಶುರುಮಾಡಿದ.

"ಇದು ಕರೆಂಟಿಂದು. ಕಾಲಲ್ಲಿ ಪೆಡಲ್ ಒತ್ತಿದ್ರೆ ತಾನೇ ತಿರುಗುತ್ತೆ, ಟೈರು ಸಲೀಸಾಗಿ ಕಳಚ್ಕೊಳ್ಳುತ್ತೆ. ಪಕ್ಕದ್ದು ಚಕ್ರ ಗಿರ್ರಂತ ತಿರುಗಿಸಿ, ಎಲ್ಲಿ ಎಷ್ಟು ಸೀಸ ಅಂಟಿಸ್ಬೇಕು ಅಂತ ತಾನೇ ತೋರಿಸುತ್ತೆ. ಒಂದು ಕಾಫಿ ಕುಡಿಯೋದ್ರೊಳಗೆ ನಾಲ್ಕೂ ಚಕ್ರ ಮುಗೀತು."

"ಅಷ್ಟು ಬೇಗ ಯಾಕೆ ಮುಗೀಬೇಕು?" ಅಂದ ನಮ್ಮ ರೇನೊ.

ಅಂಗಡಿಯವನು ನನ್ನ ಮುಖ ನೋಡಿದ. "ಏನಮ್ಮಾ, ನಿಮ್ಮ ಯಜಮಾನ್ರಿಗೆ ಕೆಲಸ ಬೇಗ ಆಗೋದು ಬೇಡ್ವಂತೆ."

ಅಕ್ಕ, ಕಾಫಿ ಒಂದು ನಿಮಿಷ ತಡವಾದರೆ ಚಡಪಡಿಸುವ ಮನುಷ್ಯ ಇದು. ಆದರೆ ಅಂದು ಆ ಕೆಂಪು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಕೈಯಂತ್ರದ ಹತ್ತಿರ ಹೋದ. ಅದನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಬೇಕು, ಉದ್ದನೆಯ ಸಲಾಕೆ ಹಿಡಿದು ಗಾಣದೆತ್ತಿನ ಹಾಗೆ ಸುತ್ತಬೇಕು. ಬ್ಯಾಲೆನ್ಸಿನದೂ ಹಳೇ ಕಾಲದ್ದೇ. ಚಕ್ರವನ್ನು ಅಂಗಾತ ಮಲಗಿಸಿದರೆ ನಡುವಿನ ಗಾಜಿನಲ್ಲಿ ಒಂದು ನೀರುಗುಳ್ಳೆ ಓಡಾಡುತ್ತದೆ. ಅದು ಮಧ್ಯಕ್ಕೆ ಬಂದು ನಿಲ್ಲುವವರೆಗೆ ಸೀಸದ ತುಂಡುಗಳನ್ನು ಆಚೆ ಇಟ್ಟು, ಈಚೆ ಇಟ್ಟು ಕಾಯಬೇಕು.

"ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಅದನ್ನ ಕೇಳ್ಬೇಡಿ. ಒಂದು ಗಾಡಿಗೆ ಮಧ್ಯಾಹ್ನ ಪೂರ್ತಿ ಹೋಗುತ್ತೆ. ಒಬ್ಬರ ಕೈಲಿ ಆಗೋದೂ ಅಲ್ಲ, ಇನ್ನೊಬ್ರು ಜೊತೆಗಿರ್ಬೇಕು."

"ಇಪ್ಪತ್ತು ಇಂಚಿನ ರಿಮ್ಮು ಕೂರುತ್ತಾ?"

"ಕೂರುತ್ತೆ."

"ಇದನ್ನೇ ಕೊಡಿ."

ನಮ್ಮ ಕಾರಿನ ರಿಮ್ಮು ಹದಿನಾರು ಇಂಚಿನದು. ಬರುವಾಗ ದಾರಿಯಲ್ಲಿ ಕೇಳಿಯೇ ಕೇಳಿದೆ.

"ಇಪ್ಪತ್ತು ಇಂಚು ಯಾರ ಗಾಡಿಗೆ?"

"ಯಾರದಾದ್ರೂ ಬರಬಹುದು."

"ಯಾರದು?"

"ಐಲಿ, ರಸ್ತೆ ನೋಡು."

"ಗಾಡಿ ಓಡಿಸ್ತಿರೋದು ನೀನು."

"ಅದಕ್ಕೇ, ನಾನು ಮಾತಾಡ್ತಿಲ್ಲ."

ಮಧ್ಯಾಹ್ನ ಪೂರ್ತಿ, ಜೊತೆಗೆ ಇನ್ನೊಬ್ಬರು, ದೊಡ್ಡ ಪಿಕಪ್ ಗಾಡಿ, ನಾನು ಮನೆಯಲ್ಲಿರದ ಶನಿವಾರ. ನೀನೇ ಕೂಡಿಸಿ ನೋಡು ಅಕ್ಕ. ನನಗೆ ಅರವತ್ತಮೂರು. ಈ ವಯಸ್ಸಿನಲ್ಲಿ ಇಂಥದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯುತ್ತಿಲ್ಲ. ಭಯವಾಗುತ್ತದೆ, ನಿಜವಾಗಿ ಹೇಳುತ್ತೇನೆ. ಈ ಮನೆಯಲ್ಲಿ ನನ್ನ ಜೊತೆ ಮಾತಾಡಲು ಉಳಿದಿರುವವನು ಇವನೊಬ್ಬನೇ. ಬರುವ ಶನಿವಾರ ಹೋಗುತ್ತೇನೆಂದು ಹೇಳಿ ಹೋಗದೆ ಇರುತ್ತೇನೆ. ಕಣ್ಣಾರೆ ನೋಡಿದ ಮೇಲೆ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ.

ನಿಮ್ಮೂರು ಡುಲೂತಿನ ಚಳಿಗಾಳಿಗೆ ಕಣ್ಣೊಡ್ಡಬೇಡ, ಡಾಕ್ಟರು ಕೊಟ್ಟ ಕನ್ನಡಕ ಹಾಕಿಕೊಂಡೇ ಹೊರಗೆ ಹೋಗು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ,
ಐಲಿ

ತಾ. ಕ. ಭಾನುವಾರ.

ನಿನ್ನೆ ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿ ಕಾಲ್ನಡಿಗೆಯಲ್ಲಿ ವಾಪಸು ಬಂದೆ. ಮುಂಬಾಗಿಲಿನಿಂದ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಗ್ಯಾರೇಜಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಆಚೆ ಯಂತ್ರ ಕಿರುಗುಟ್ಟುತ್ತಿತ್ತು. ಡಲೋರಿಸ್‌ಗೆ ಏನನ್ನಬೇಕೆಂದು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದೆ.

"ಅಪ್ಪಾ, ಸಲಾಕೆ ಗಟ್ಟಿ ಹಿಡ್ಕೋ" ಅಂದಿತು ಒಂದು ದನಿ. ಆರ್ನಿಯದು. ಹಿಮ ತಳ್ಳಲು ಹೋಗುವ ತನ್ನ ಪಿಕಪ್ ತಂದಿದ್ದ. ಎರಡು ವರ್ಷ ಕೇಳದಿದ್ದರೂ ಉಸಿರು ಎಳೆದುಕೊಂಡಾಗಲೇ ನನಗೆ ಗೊತ್ತಾಗಿತ್ತು.

"ಅವಳ ಮಂಡಿ ಹೇಗಿದೆ?" ಅಂತ ಕೇಳಿದ.

"ಹಂಗೇ ಇದೆ. ಒಂದ್ಸಲ ಒಳಗೆ ಬಂದು ಹೋಗು ಮಗಾ. ಅವಳಿದ್ದಾಗ."

"ಬೇಡಪ್ಪ. ಅವಳು ಮನೇಲಿದ್ರೆ ನಾನು ಬರಲ್ಲ ಅಂತ ಮೊದಲೇ ಹೇಳಿದೀನಲ್ಲ. ಹೋಗಿದಾಳೆ ತಾನೆ?"

"ಹೋಗಿದಾಳೆ. ಕತ್ತಲಾಗೋವರೆಗೂ ಬರಲ್ಲ."

ಆಮೇಲೆ ಇಬ್ಬರೂ ನೀರುಗುಳ್ಳೆ ನೋಡುತ್ತಾ ನಿಂತರು ಅಂತ ಕಾಣುತ್ತದೆ. ಒಮ್ಮೆ ಆರ್ನಿ ನಕ್ಕ. ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ಬಾಗಿಲು ತೆಗೆದರೆ ಅವನು ನಿಲ್ಲುತ್ತಾನೋ, ಗಾಡಿ ಹತ್ತಿ ಹೊರಟೇ ಹೋಗುತ್ತಾನೋ ಗೊತ್ತಿರಲಿಲ್ಲ. ಹೊರಟರೆ ರೇನೊಗೂ ಮಗ ಇಲ್ಲದಂತಾಗುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಕೆಮ್ಮು ಬಂತು, ಪಾತ್ರೆ ಒರೆಸುವ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡೆ. ನನ್ನದೇ ಅಡುಗೆಮನೆಯಲ್ಲಿ, ಮನೆಯಲ್ಲಿಲ್ಲದವಳ ಹಾಗೆ, ಅವನು ಹೋಗುವವರೆಗೂ ಕೂತಿದ್ದೆ. ಆಮೇಲೆ ಮುಂಬಾಗಿಲಿನಿಂದ ಹೊರಬಿದ್ದು, ನಡೆದು, ಕಾರು ತೆಗೆದುಕೊಂಡು ಕತ್ತಲಾದ ಮೇಲೆ ಬಂದೆ.

ಇವತ್ತು ಬೆಳಿಗ್ಗೆ ರೇನೊ ನನ್ನ ಮುಖ ನೋಡದೆ ಕೇಳಿದ, "ಬರೋ ಶನಿವಾರನೂ ಹೋಗ್ತೀಯಲ್ಲ?"

ಹೋಗ್ತೀನಿ ಅಂದೆ. ನಿನ್ನೆ ಬಾಗಿಲಾಚೆಯಿಂದ ಕೇಳಿಸಿತ್ತು, ಆರ್ನಿಯ ಹೆಂಡತಿಯ ಕಾರಿನ ಚಕ್ರಗಳು ಇನ್ನೂ ಬಾಕಿ ಇವೆಯಂತೆ.