ಹಳೆಯ ವಿಳಾಸಕ್ಕೆ ಹೋದ ನೋಟಿಸು

ಲಾಂಡ್ರಿಯ ಊಟದ ಕೋಣೆ
ಮಂಗಳವಾರ, 14ನೇ ತಾರೀಖು

ಪ್ರೀತಿಯ ಪುಟ್ಟಾ,

ವಲಸಿಗರ ಬಂಧನ ಕೇಂದ್ರದಲ್ಲಿರುವವರು ಬಿಡುಗಡೆ ಕೋರಿ ನ್ಯಾಯಾಧೀಶರ ಮುಂದೆ ಹಾಜರಾಗಬಹುದೆಂದು ನಿನ್ನೆ ತೀರ್ಪು ಬಂದಿದೆ. ಬೆಳಿಗ್ಗೆ ನಮ್ಮ ವಕೀಲಮ್ಮ ಫೋನ್ ಮಾಡಿ ಹೇಳಿದರು. ಪತ್ರಿಕೆಯಲ್ಲೂ ನೋಡಿದೆ, ಒಳಪುಟದಲ್ಲಿ ಆರು ಸಾಲು. ನಿನ್ನ ಆರೋಗ್ಯ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಮಂಡಿನೋವು ಹೇಗಿದೆ? ವರ್ಷಗಟ್ಟಲೆ ನೆಲದ ಮೇಲೆ ಕೂತು ಟೈಲ್ಸ್ ಕೂರಿಸಿ ಸವೆದ ಮಂಡಿ, ಅಲ್ಲಿನ ತೆಳು ಹಾಸಿಗೆ ಅದಕ್ಕೆ ಆಗಿಬರುವುದಿಲ್ಲ. ಇನ್ನೊಂದು ಹೊದಿಕೆ ಕೇಳಿ ತೆಗೆದುಕೋ. ಇಲ್ಲಿ ನಾವು ಕ್ಷೇಮ. ನೀನು ಅರ್ಧಕ್ಕೆ ಬಿಟ್ಟ ಬಚ್ಚಲು ನೋಡಿದಾಗಲೆಲ್ಲ ನಿನ್ನ ಭಾವ, "ಮೇಸ್ತ್ರಿ ಬರ್ಲಿ, ಮೊದ್ಲು ಇದನ್ನ ಮುಗಿಸ್ಲಿ, ಆಮೇಲೆ ಅಪ್ಪಿಕೊಂಡು ಅಳೋಣ" ಎನ್ನುತ್ತಾರೆ.

ಅದೇ ಪುಟದಲ್ಲಿ ಇನ್ನೊಂದು ಸುದ್ದಿಯೂ ಇತ್ತು. ಹೊರಹಾಕಿಸಿಕೊಂಡವರಾಗಲಿ, ತಾವಾಗಿಯೇ ಹೋಗುತ್ತೇವೆಂದು ಕೇಂದ್ರದಿಂದ ಬರೆದುಕೊಟ್ಟವರಾಗಲಿ, ಇನ್ನು ಹತ್ತು ವರ್ಷ ಈ ದೇಶದೊಳಗೆ ಕಾಲಿಡುವಂತಿಲ್ಲ. ಈಗ ನೀನು ಹೋದರೆ ಹೋದಂತೆಯೇ.

ಫೋನಿನಲ್ಲಿ ನೀನು ಪ್ರತಿ ಸಲ ಒಂದೇ ಮಾತು ಹೇಳುತ್ತೀ, "ಅಕ್ಕಾ, ನೋಟಿಸು ಬಂದಿರುತ್ತೆ, ನಾನೇ ಎಲ್ಲೋ ಇಟ್ಟು ಮರ್ತಿದೀನಿ" ಎಂದು. ನೀನು ಮರೆತಿಲ್ಲ. ನೋಟಿಸು ನಮ್ಮ ಮನೆಗೆ ಬಂದೇ ಇಲ್ಲ. ಮನೆ ಬದಲಿಸಿದಾಗ ವಿಳಾಸ ತಿಳಿಸುವ ಫಾರಂ ಮೂರಿದ್ದವು. ನನ್ನದನ್ನೂ ಭಾವನದನ್ನೂ ಕಚೇರಿಯಲ್ಲಿ ಕೊಟ್ಟೆ. ನಿನ್ನದರಲ್ಲಿ ಸಹಿ ಇಲ್ಲವೆಂದು ವಾಪಸು ಕೊಟ್ಟರು. ನಾಳೆ ಹಾಕಿಸಿದರಾಯಿತು ಎಂದು ಬೀರುವಿನಲ್ಲಿ ಬಟ್ಟೆಗಳ ಕೆಳಗಿಟ್ಟೆ. ಸಂಜೆ ನೀನು ಕೇಳಿದಾಗ "ಮೂರೂ ಕೊಟ್ಟೆ ಕಣೋ" ಎಂದೆ. ನಾಲ್ಕು ಗಂಟೆ ಸಾಲಿನಲ್ಲಿ ನಿಂತು ಬಂದಿದ್ದೆ, ಕೆಲಸ ಅರ್ಧವಾಯಿತು ಎನ್ನಲು ಮನಸ್ಸಾಗಲಿಲ್ಲ, ಅಷ್ಟೇ. ಆಮೇಲೆ ನಿಜಕ್ಕೂ ಮರೆತೆ. ವಿಚಾರಣೆಯ ನೋಟಿಸು ಹಳೆಯ ಮನೆಗೆ ಹೋಯಿತು. ನೀನು ಹಾಜರಾಗಲಿಲ್ಲವೆಂದು ಕೆಲಸದ ಜಾಗದಿಂದಲೇ, ಕೈಯ ಸಿಮೆಂಟು ತೊಳೆಯಲೂ ಬಿಡದೆ ಕರೆದೊಯ್ದರು.

ಆ ಫಾರಂ ನನ್ನ ಕೈಗೆ ಸಿಕ್ಕಿ ಇಪ್ಪತ್ತಾರು ದಿನವಾಯಿತು. ಅಷ್ಟು ದಿನವೂ ನೀನು "ನಂದೇ ತಪ್ಪು" ಎನ್ನುತ್ತಿದ್ದೆ, ನಾನು "ಇರ್ಲಿ ಬಿಡೋ" ಎನ್ನುತ್ತಿದ್ದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ. ಮುಂದಿನ ತಿಂಗಳು ನನ್ನ ವಾಸದ ಪರವಾನಗಿ ನವೀಕರಣಕ್ಕೆ ಬರುತ್ತದೆ. ಸಾಕ್ಷಿಗೆ ಹೋದರೆ ನನ್ನ ಕಾಗದಗಳನ್ನೂ ಕೆದಕುತ್ತಾರೆಂಬ ಹೆದರಿಕೆ ಇತ್ತು, ಈಗಲೂ ಇದೆ. ಆದರೆ ಕಾರಣ ಅದೊಂದೇ ಅಲ್ಲ. ನಿನ್ನ ಮುಂದೆ ಸಣ್ಣವಳಾಗುವುದು ನನಗೆ ಬೇಕಿರಲಿಲ್ಲ.

ನಿನ್ನೆ ಭಾವನಿಗೆ ಹೇಳಿದೆ. ತಟ್ಟೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ, "ಇಷ್ಟು ದಿನ ಅವನನ್ನ ನಾನೂ ಬೈದ್ನಲ್ಲೇ" ಎಂದರು. ಇವತ್ತು ಇಲ್ಲಿ ಇಸ್ತ್ರಿ ಮಾಡುವಾಗ ಎರಡು ಹಾಸಿಗೆ ಚಾದರ ಸುಟ್ಟೆ. ಮೇಲ್ವಿಚಾರಕಿ ನನ್ನ ಮುಖ ನೋಡಿ ಬಿಡುವು ಕೊಟ್ಟು ಕಳಿಸಿದಳು, ಆ ಬಿಡುವಿನಲ್ಲೇ ಬರೆಯುತ್ತಿದ್ದೇನೆ.

ಹೊಟ್ಟೆ ತುಂಬ ತಿನ್ನು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಫೋನ್ ಮಾತ್ರ ಎತ್ತದೆ ಇರಬೇಡ. ಭಾವ ಆಶೀರ್ವಾದ ತಿಳಿಸಿದ್ದಾರೆ. ನನ್ನದನ್ನು ಈ ಸಲ ಬರೆಯಲಾರೆ.

ಇಂತಿ,
ನಿನ್ನ ಅಕ್ಕ

ವಿ.ಸೂ.: ನೋಟಿಸು ತಲುಪಿತ್ತು, ನಾನೇ ಹೋಗಲಿಲ್ಲ, ಈಗ ಸ್ವಂತ ಇಚ್ಛೆಯಿಂದ ದೇಶ ಬಿಡುತ್ತೇನೆ ಎಂಬ ಕಾಗದವನ್ನು ಅಲ್ಲಿ ನಿನ್ನ ಮುಂದಿಟ್ಟಿದ್ದಾರಂತೆ. ಗುರುವಾರ ಸಹಿ ಮಾಡುತ್ತೇನೆ ಎಂದು ವಕೀಲಮ್ಮನಿಗೆ ಹೇಳಿದೆಯಂತೆ. ಮಾಡಬೇಡ. ಈ ಪತ್ರವನ್ನು ಅವರೇ ಇವತ್ತು ನಿನ್ನ ಕೈಗೆ ಕೊಡುತ್ತಾರೆ. ನಡೆದದ್ದನ್ನೆಲ್ಲ ಪ್ರಮಾಣ ಮಾಡಿ ಬರೆದುಕೊಟ್ಟಿದ್ದೇನೆ. ನಿನ್ನ ಬಿಡುಗಡೆಯ ವಿಚಾರಣೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಮೊದಲ ಸಾಕ್ಷಿ ನಾನು.